ಸ್ವಿಚ್ ಕೈಗೆ ಹತ್ತಿರ, ಕರೆಂಟ್ ನೀರಿಗೆ ದೂರ: ಮೋಟರ್ ಸ್ವಿಚ್ಚನ್ನು ಬಚ್ಚಲ ಬಾಗಿಲಿಗೆ ತರಲು 12 ಸೂತ್ರಗಳು

ತಲೆಗೆ ಸೋಪು ಹಚ್ಚಿದ ಹೊತ್ತಿಗೇ ನಲ್ಲಿಯ ಧಾರೆ ಸಣ್ಣಗಾಗುತ್ತದೆ. ಮೇಲಿನ ಟ್ಯಾಂಕ್ ಬರಿದು. ಮೋಟರ್ ಸ್ವಿಚ್ ಇರುವುದು ಎರಡು ಮಹಡಿ ಕೆಳಗೆ, ಮೆಟ್ಟಿಲಡಿಯ ಸಂಪಿನ ಪಕ್ಕದಲ್ಲಿ. ‘ಮೋಟರ್ ಹಾಕ್ರೀ’ ಎಂದು ಕೂಗಿದರೆ ಕೆಳಗಿನವರಿಗೆ ಕೇಳಿಸಬೇಕು, ಕೇಳಿಸಿದವರು ಹಾಕಬೇಕು, ಹಾಕಿದವರು ಆಫ್ ಮಾಡುವುದನ್ನು ನೆನಪಿಡಬೇಕು. ಬೆಂಗಳೂರಿನ ಶಿವಾಜಿನಗರದ ಗಲ್ಲಿಗಳಿಂದ ಕೆ.ಆರ್.ಪುರಂನ ಬಡಾವಣೆಗಳವರೆಗೆ ಮನೆಮನೆಯ ದಿನಚರಿ ಇದು. ಇದರ ಭಾರ ಬೀಳುವುದು ಹೆಚ್ಚಾಗಿ ಹೆಂಗಸರ ಮೇಲೆ, ವಯಸ್ಸಾದವರ ಮೊಣಕಾಲಿನ ಮೇಲೆ.

ಬೆಂಗಳೂರಿಗೆ ಕರೆಂಟ್ ಬಂದದ್ದು 1905ರಲ್ಲಿ, ಕಾವೇರಿ ನೀರು ಬಂದದ್ದು 1974ರಲ್ಲಿ. ಎರಡೂ ಹೊರಟದ್ದು ಶಿವನಸಮುದ್ರದ ಆಸುಪಾಸಿನಿಂದಲೇ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ಹಂತದ ಪಂಪು ದಾಟಿ, ಸುಮಾರು 100 ಕಿ.ಮೀ. ಸಾಗಿ, ಹತ್ತಿರಹತ್ತಿರ ಅರ್ಧ ಕಿ.ಮೀ. ಎತ್ತರ ಏರಿದ ನೀರು ನಮ್ಮ ಸಂಪಿಗೆ ಬೀಳುತ್ತದೆ. ಕೊನೆಯ ಮೂವತ್ತು ನಲವತ್ತು ಅಡಿ ಏರಿಸುವುದಷ್ಟೇ ನಮ್ಮ ಪಾಲಿನ ಕೆಲಸ. ಆ ಕೆಲಸವನ್ನು ಅಚ್ಚುಕಟ್ಟಾಗಿ, ಅಪಾಯವಿಲ್ಲದೆ ಮಾಡಿಕೊಳ್ಳುವ ಸೂತ್ರಗಳು ಇಲ್ಲಿವೆ. ಎಲ್ಲದರ ಬೇರು ಒಂದೇ: ಸ್ವಿಚ್ ಕೈಗೆ ಹತ್ತಿರ ಇರಲಿ, ಮೋಟರಿನ ಕರೆಂಟ್ ನೀರಿಗೆ ದೂರ ಇರಲಿ.

1. ಮೊದಲು ನೀರಿನ ದಾರಿ ಬರೆದುಕೊಳ್ಳಿ

ಒಂದು ಹಾಳೆಯ ಮೇಲೆ ಗೆರೆ ಎಳೆಯಿರಿ: ಬೀದಿಯ ಲೈನ್, ಸಂಪು, ಮೋಟರ್, ಮೇಲಿನ ಟ್ಯಾಂಕ್, ಬಚ್ಚಲು. ಯಾವ ಪಂಪಿಗೆ ಸ್ವಿಚ್ ಬೇಕು ಎಂಬುದು ಆಗ ಸ್ಪಷ್ಟವಾಗುತ್ತದೆ. ಶಿವಾಜಿನಗರ, ಹಲಸೂರಿನ ಹಳೆಯ ಬೀದಿಗಳಲ್ಲಿ ಸಣ್ಣ ಸೈಟಿನ ಮೇಲೆ ಮಹಡಿ ಮೇಲೆ ಮಹಡಿ. ಒಂದೇ ಸಂಪು, ಒಂದೇ ಮೋಟರ್, ಹಲವು ಸಂಸಾರ. ಇಂದಿರಾನಗರದಲ್ಲಿ ಸಂಪಿನ ಮೋಟರ್ ಜೊತೆಗೆ ಶವರಿಗೆಂದೇ ತಾರಸಿಯಲ್ಲಿ ಪ್ರೆಷರ್ ಪಂಪ್ ಇರುವ ಮನೆಗಳಿವೆ. ಕೆ.ಆರ್.ಪುರಂ, ಮಹದೇವಪುರದ ಕಡೆ ಬೋರ್‌ವೆಲ್ ಮೋಟರ್ ಒಂದು, ಸಂಪಿನ ಮೋಟರ್ ಇನ್ನೊಂದು, ನಡುವೆ ಟ್ಯಾಂಕರ್ ನೀರು. 2024ರ ಅಕ್ಟೋಬರ್ 16ರಂದು ಕಾವೇರಿ 5ನೇ ಹಂತ ಉದ್ಘಾಟನೆಯಾಗಿ, ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ನೀರಿನ ಯೋಜನೆ ಬಂದ ಮೇಲೆ ಹಲವರ ಸಂಪಿಗೆ ಎರಡು ಬಗೆಯ ನೀರು ಸೇರುತ್ತಿದೆ. ಬಚ್ಚಲ ಬಾಗಿಲಿಗೆ ಬೇಕಾದದ್ದು ಸಂಪಿನಿಂದ ಟ್ಯಾಂಕಿಗೆ ಏರಿಸುವ ಮೋಟರಿನ ಸ್ವಿಚ್ ಮಾತ್ರ. ಬೋರ್‌ವೆಲ್ಲಿನದು ಅದರ ಪ್ಯಾನೆಲ್ಲಿನಲ್ಲೇ ಇರಲಿ.

2. ಮೋಟರಿನ ಫಲಕ ಓದಿ

ಮೋಟರಿನ ಮೈಮೇಲೆ ಒಂದು ಪುಟ್ಟ ಲೋಹದ ಫಲಕ ಇರುತ್ತದೆ. ಅದರಲ್ಲಿರುವ ಎಚ್‌ಪಿ, ಆಂಪಿಯರ್, ವೋಲ್ಟ್ ಬರೆದುಕೊಳ್ಳಿ. ಅರ್ಧ ಎಚ್‌ಪಿ ಅಂದರೆ 373 ವ್ಯಾಟ್, ಒಂದು ಎಚ್‌ಪಿ ಅಂದರೆ 746 ವ್ಯಾಟ್. ಇದು ಮೋಟರ್ ಕೊಡುವ ಶಕ್ತಿಯ ಲೆಕ್ಕ. ಎಳೆಯುವುದು ಅದಕ್ಕಿಂತ ಹೆಚ್ಚು. ಒಂದು ಎಚ್‌ಪಿಯ ಸಿಂಗಲ್ ಫೇಸ್ ಮೋಟರ್ ಓಡುವಾಗ 5ರಿಂದ 7 ಆಂಪಿಯರ್ ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಅದರ ನಾಲ್ಕೈದು ಪಟ್ಟು. ಲೈಟಿಗೆ ಹಾಕುವ 6 ಆಂಪಿಯರ್ ಸ್ವಿಚ್ಚಿಗೆ ಈ ಹೊಡೆತ ತಾಳುವ ಶಕ್ತಿಯಿಲ್ಲ. ಒಳಗಿನ ತುದಿಗಳು ಸುಟ್ಟು ಅಂಟಿಕೊಂಡರೆ, ಸ್ವಿಚ್ ಆಫ್ ಮಾಡಿದರೂ ಮೋಟರ್ ಓಡುತ್ತಲೇ ಇರುತ್ತದೆ.

3. ಮೋಟರಿನ ವಯರನ್ನು ಮೇಲೆ ಎಳೆಯಬೇಡಿ, ಆಜ್ಞೆಯನ್ನು ಮಾತ್ರ ಎಳೆಯಿರಿ

ದಪ್ಪ ವಯರನ್ನು ಎರಡು ಮಹಡಿ ಮೇಲೆ ಎಳೆದು, ಬಚ್ಚಲ ಪಕ್ಕ ಒಂದು 16 ಆಂಪಿಯರ್ ಸ್ವಿಚ್ ಕೂರಿಸಿ, ಮತ್ತೆ ಅದೇ ವಯರನ್ನು ಕೆಳಗಿಳಿಸುವುದು ತುಂಬಾ ಜನ ಮಾಡುವ ಕೆಲಸ. ದುಡ್ಡೂ ಹೆಚ್ಚು, ಅಪಾಯವೂ ಹೆಚ್ಚು. ಕಾಂಟ್ಯಾಕ್ಟರ್ ಹಾಕಿಸಿ. ಇದು ಮೋಟರ್ ಬೋರ್ಡಿನೊಳಗೆ ಕೂರುವ ವಿದ್ಯುತ್ಕಾಂತದ ಸ್ವಿಚ್. ಅದರ ಸುರುಳಿಗೆ ಅತಿ ಸಣ್ಣ ಕರೆಂಟ್ ಸಿಕ್ಕರೆ ಸಾಕು, ಮೋಟರಿನ ದೊಡ್ಡ ಕರೆಂಟನ್ನು ಅದು ತಾನೇ ಹಿಡಿದು ಬಿಡುತ್ತದೆ. ಒಂದು ಎಚ್‌ಪಿ ಮೋಟರಿಗೆ ಮೋಟರ್ ಕೆಲಸಕ್ಕೆಂದೇ ಗುರುತಿಸಿದ ಎಸಿ-3 ವರ್ಗದಲ್ಲಿ 12 ಆಂಪಿಯರ್ ಅಥವಾ ಮೇಲ್ಪಟ್ಟದ್ದು ಕೊಳ್ಳಿ. ಜೊತೆಗೆ ಓವರ್‌ಲೋಡ್ ರಿಲೇ ಇರಲಿ. ಅದನ್ನು ಫಲಕದಲ್ಲಿ ಬರೆದ ಆಂಪಿಯರಿಗೆ ತಿರುಗಿಸಿಡಿ.

ಸುರುಳಿಯನ್ನು 24 ವೋಲ್ಟಿನದು ಆರಿಸಿಕೊಂಡು, ಕೆಳಗಿನ ಬೋರ್ಡಿನಲ್ಲೇ ಒಂದು ಪುಟ್ಟ ಐಸೊಲೇಟಿಂಗ್ ಟ್ರಾನ್ಸ್‌ಫಾರ್ಮರ್ ಇಟ್ಟರೆ, ಮೇಲಿನ ಮಹಡಿಗೆ ಹೋಗುವ ವಯರಿನಲ್ಲಿ 230 ವೋಲ್ಟ್ ಇರುವುದೇ ಇಲ್ಲ. ಒದ್ದೆ ಕೈಯಲ್ಲಿ ಒತ್ತುವ ಗುಂಡಿಗೆ ಇದಕ್ಕಿಂತ ಒಳ್ಳೆಯ ರಕ್ಷಣೆ ಇಲ್ಲ.

4. ಹಸಿರು ಗುಂಡಿ ಪ್ಯಾರಲಲ್, ಕೆಂಪು ಗುಂಡಿ ಸೀರೀಸ್

ಈ ಒಂದು ಸಾಲು ನೆನಪಿಟ್ಟರೆ ಅರ್ಧ ಕೆಲಸ ಮುಗಿದಂತೆ. ಪ್ರತಿ ಜಾಗದಲ್ಲೂ ಒಂದು ಹಸಿರು, ಒಂದು ಕೆಂಪು ಗುಂಡಿ. ಹಸಿರು ಗುಂಡಿಗಳೆಲ್ಲ ಪ್ಯಾರಲಲ್ ಜೋಡಣೆ, ಯಾವುದನ್ನು ಒತ್ತಿದರೂ ಮೋಟರ್ ಆನ್. ಕೆಂಪು ಗುಂಡಿಗಳೆಲ್ಲ ಒಂದೇ ಸರಣಿಯಲ್ಲಿ, ಯಾವುದನ್ನು ಒತ್ತಿದರೂ ಆಫ್. ಸಂಪಿನ ಬಳಿ, ಅಡುಗೆಮನೆಯಲ್ಲಿ, ಬಚ್ಚಲ ಬಾಗಿಲಲ್ಲಿ, ತಾರಸಿಯಲ್ಲಿ, ಎಷ್ಟು ಕಡೆ ಬೇಕಾದರೂ ಇಡಬಹುದು.

ಗುಂಡಿಯಿಂದ ಕೈ ತೆಗೆದರೂ ಮೋಟರ್ ಓಡುತ್ತಿರಲು ಕಾಂಟ್ಯಾಕ್ಟರಿನದೇ ಒಂದು ಹೆಚ್ಚುವರಿ ತುದಿ ಸುರುಳಿಯನ್ನು ಹಿಡಿದುಕೊಳ್ಳುತ್ತದೆ. ಇದರ ದೊಡ್ಡ ಲಾಭ ಕಾಣುವುದು ಕರೆಂಟ್ ಹೋದಾಗ. ಹಿಡಿತ ಬಿಟ್ಟುಹೋಗಿ ಮೋಟರ್ ನಿಲ್ಲುತ್ತದೆ. ಕರೆಂಟ್ ಬಂದರೂ ಯಾರಾದರೂ ಗುಂಡಿ ಒತ್ತುವ ತನಕ ಓಡುವುದಿಲ್ಲ. ಮೆಟ್ಟಿಲ ದೀಪಕ್ಕೆ ಮಾಡುವ ಟೂ-ವೇ ಸ್ವಿಚ್ ಜೋಡಣೆಯನ್ನು ಮೋಟರಿಗೂ ಮಾಡುವವರಿದ್ದಾರೆ. ಅದರಲ್ಲಿ ಈ ರಕ್ಷಣೆ ಇಲ್ಲ. ಬೆಳಿಗ್ಗೆ ಹಾಕಿ, ಕರೆಂಟ್ ಹೋದಾಗ ಆಫ್ ಮಾಡಲು ಮರೆತ ಮೋಟರ್, ಮನೆಯವರೆಲ್ಲ ಕೆಲಸಕ್ಕೆ ಹೋದ ಮೇಲೆ ಬೆಸ್ಕಾಂ ಕರೆಂಟ್ ಬಂದಾಗ ತಾನಾಗಿಯೇ ಶುರುವಾಗುತ್ತದೆ.

5. ಗುಂಡಿ ಬಾಗಿಲ ಹೊರಗಿರಲಿ

ನಮ್ಮ ಬಚ್ಚಲುಗಳು ಪುಟ್ಟವು. ಬಕೆಟ್ ಸ್ನಾನದಲ್ಲಿ ನೀರು ನಾಲ್ಕೂ ಗೋಡೆಗೆ ಹಾರುತ್ತದೆ. ಅಂತರರಾಷ್ಟ್ರೀಯ ವಯರಿಂಗ್ ಮಾನದಂಡಗಳು ಸ್ನಾನದ ಜಾಗವನ್ನೂ ಅದರ ಸುತ್ತಲಿನ ಒಂದಿಷ್ಟು ಅಂತರವನ್ನೂ ವಲಯಗಳಾಗಿ ಗುರುತಿಸಿ, ಅಲ್ಲಿ ಮಾಮೂಲಿ ಸ್ವಿಚ್ ಬೇಡ ಎನ್ನುತ್ತವೆ. ನಮ್ಮ ಬಚ್ಚಲಿನಲ್ಲಿ ಆ ಅಂತರ ಬಿಟ್ಟರೆ ಉಳಿಯುವ ಗೋಡೆಯೇ ಇಲ್ಲ. ಆದ್ದರಿಂದ ಬಾಗಿಲ ಚೌಕಟ್ಟಿನ ಹೊರಮೈಯಲ್ಲಿ, ಕೈಚಾಚಿದರೆ ಸಿಗುವಷ್ಟು ಹತ್ತಿರ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ ಗುಂಡಿ ಕೂರಿಸಿ.

ಒಳಗೇ ಬೇಕೆಂಬ ಅನಿವಾರ್ಯ ಇದ್ದರೆ ಎರಡು ದಾರಿ. ಒಂದು, ಬ್ಯಾಟರಿಯಿಂದ ನಡೆಯುವ ನೀರುತಡೆಯುವ ರಿಮೋಟ್ ಗುಂಡಿ. ಗೋಡೆಯಲ್ಲಿ ವಯರೇ ಇರುವುದಿಲ್ಲ. ಇನ್ನೊಂದು, ಚಾವಣಿಯಲ್ಲಿ ಕೂತ, ದಾರ ಎಳೆದು ನಡೆಸುವ ಸ್ವಿಚ್. ಮೊಣಕಾಲು ನೋವಿರುವ ಹಿರಿಯರಿಗೆ, ಗಾಲಿಕುರ್ಚಿ ಬಳಸುವವರಿಗೆ ಈ ಎರಡೂ ನಿಜವಾದ ಉಪಕಾರ.

6. ಆರ್‌ಸಿಸಿಬಿ ಇಲ್ಲದೆ ಕೆಲಸ ಶುರು ಮಾಡಬೇಡಿ

ಎಂಸಿಬಿ ವಯರನ್ನು ಕಾಯುತ್ತದೆ, ಕರೆಂಟ್ ಸೋರಿದೊಡನೆ ಲೈನ್ ಕಡಿಯುವ ಆರ್‌ಸಿಸಿಬಿ ಮನುಷ್ಯರನ್ನು ಕಾಯುತ್ತದೆ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಮೋಟರ್ ಲೈನಿಗೆ ಇರಲೇಬೇಕು. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಟ್ರಿಪ್ ಆಗದಿದ್ದರೆ ಅಂದೇ ಬದಲಿಸಿ. ಮೋಟರಿನ ಲೋಹದ ಮೈಗೆ ಅರ್ತಿಂಗ್ ತಂತಿ ಗಟ್ಟಿಯಾಗಿ ಕಟ್ಟಿರಲಿ. ನೀರಿನ ಪೈಪನ್ನು ಅರ್ತಿಂಗಿಗೆ ನಂಬಬೇಡಿ; ಇಂದು ಪೈಪೆಲ್ಲ ಪ್ಲಾಸ್ಟಿಕ್, ಅದರಲ್ಲಿ ಕರೆಂಟ್ ಭೂಮಿಗೆ ಇಳಿಯುವುದಿಲ್ಲ.

ಸಂಪಿನೊಳಗೇ ಮುಳುಗಿರುವ ಸಬ್‌ಮರ್ಸಿಬಲ್ ಪಂಪ್ ಇದ್ದರೆ ಎಚ್ಚರ ಇಮ್ಮಡಿ. ಸಂಪು ತೊಳೆಯಲು ಇಳಿಯುವ ಮುನ್ನ ಮೋಟರಿನ ಮೇನ್ ಆಫ್ ಮಾಡಿ, ಬೋರ್ಡಿಗೆ ಬೀಗ ಹಾಕಿ, ಬೀಗದ ಕೈ ಇಳಿಯುವವರ ಹತ್ತಿರವೇ ಇರಲಿ. ಮಹಡಿ ಮಹಡಿಯಲ್ಲೂ ಹಸಿರು ಗುಂಡಿ ಬಂದ ಮೇಲೆ ಯಾರು ಯಾವಾಗ ಒತ್ತುತ್ತಾರೋ ಹೇಳಲಾಗದು. ಈ ಮಾತನ್ನು ಮನೆಯ ಪ್ರತಿಯೊಬ್ಬರಿಗೂ ತಿಳಿಸಿ.

7. ಗುಂಡಿಯ ಪಕ್ಕ ಒಂದು ದೀಪ ಇರಲಿ

ಎರಡು ಮಹಡಿ ಮೇಲೆ ನಿಂತವರಿಗೆ ಮೋಟರಿನ ಸದ್ದು ಕೇಳಿಸುವುದಿಲ್ಲ. ಪ್ರತಿ ಗುಂಡಿಯ ಪಕ್ಕ ಒಂದು ಸಣ್ಣ ಎಲ್‌ಇಡಿ ಇರಲಿ. ಅದನ್ನು ಗುಂಡಿಯ ವಯರಿಗೆ ಜೋಡಿಸದೆ, ಕಾಂಟ್ಯಾಕ್ಟರ್ ನಿಜವಾಗಿ ಎಳೆದುಕೊಂಡಾಗ ಮಾತ್ರ ಸೇರುವ ಬಿಡಿ ತುದಿಯಿಂದ ಜೋಡಿಸಲು ಹೇಳಿ. ಆಗ ದೀಪ ಸುಳ್ಳು ಹೇಳುವುದಿಲ್ಲ. ಇಷ್ಟಾದರೂ ದೀಪ ತೋರಿಸುವುದು ಮೋಟರಿಗೆ ಕರೆಂಟ್ ತಲುಪಿದ್ದನ್ನು, ನೀರು ಏರಿದ್ದನ್ನಲ್ಲ. ಸಂಪಿನ ಹೊರಗೆ ಕೂತ ಮಾನೊಬ್ಲಾಕ್ ಪಂಪ್ ಏರ್ ಹಿಡಿದರೆ ದೀಪ ಉರಿಯುತ್ತದೆ, ನೀರು ಬರುವುದಿಲ್ಲ. ಮೊದಲ ಎರಡು ನಿಮಿಷ ಟ್ಯಾಂಕಿನಲ್ಲಿ ನೀರು ಬೀಳುವ ಸದ್ದಿಗೆ ಕಿವಿಗೊಡಿ. ಪದೇ ಪದೇ ಏರ್ ಹಿಡಿಯುತ್ತಿದ್ದರೆ ಫುಟ್‌ವಾಲ್ವ್ ಸರಿಮಾಡಿಸಿದ ಮೇಲೆಯೇ ಸ್ವಿಚ್ಚಿನ ಕೆಲಸಕ್ಕೆ ಕೈಹಾಕಿ.

8. ಎರಡು ಫ್ಲೋಟ್ ಹಾಕಿಸಿ, ನಿಶ್ಚಿಂತರಾಗಿ

ಕೈಗೆ ಹತ್ತಿರದ ಸ್ವಿಚ್ಚಿನಿಂದ ಹಾಕುವುದು ಸುಲಭವಾಗುತ್ತದೆ; ಮರೆಯುವುದೂ ಅಷ್ಟೇ ಸುಲಭ. ಮೇಲಿನ ಟ್ಯಾಂಕಿನಲ್ಲಿ ಒಂದು ಫ್ಲೋಟ್ ಸ್ವಿಚ್: ತುಂಬಿದರೆ ಮೋಟರ್ ಬಂದ್. ಸಂಪಿನಲ್ಲಿ ಇನ್ನೊಂದು: ನೀರು ತಳ ಮುಟ್ಟಿದರೆ ಬಂದ್. ಎರಡನ್ನೂ ಕೆಂಪು ಗುಂಡಿಗಳ ಸರಣಿಯಲ್ಲೇ ಸೇರಿಸಿದರೆ ಮುಗಿಯಿತು. ನೀರಿಲ್ಲದೆ ಓಡುವ ಪಂಪಿನ ಸೀಲ್ ಬೇಗ ಸುಟ್ಟು ಹಾಳಾಗುತ್ತದೆ, ರಿಪೇರಿಯ ಖರ್ಚು ಫ್ಲೋಟಿನ ಬೆಲೆಗಿಂತ ಎಷ್ಟೋ ಹೆಚ್ಚು.

ನೀರಿನ ಲೆಕ್ಕವನ್ನೂ ನೋಡಿ. ನಿಮಿಷಕ್ಕೆ 40 ಲೀಟರ್ ಏರಿಸುವ ಮೋಟರ್ 1,000 ಲೀಟರಿನ ಟ್ಯಾಂಕನ್ನು 25 ನಿಮಿಷದಲ್ಲಿ ತುಂಬಿಸುತ್ತದೆ. ತುಂಬಿದ ಮೇಲೆ ಹತ್ತೇ ನಿಮಿಷ ಮರೆತರೆ ಚರಂಡಿಗೆ 400 ಲೀಟರ್. ನಗರವಾಸಿಗೆ ದಿನಕ್ಕೆ 135 ಲೀಟರ್ ಎಂಬುದು ದೇಶದ ನೀರು ಸರಬರಾಜಿನ ಅಳತೆಗೋಲು. ಅಂದರೆ ಹತ್ತು ನಿಮಿಷದ ಮರೆವು ಹತ್ತಿರಹತ್ತಿರ ಮೂವರ ಇಡೀ ದಿನದ ನೀರು. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ಕೂತ ಬೀದಿಗಳಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

9. ಎರಡು ಮೀಟರಿನ ಕರೆಂಟ್ ಬೆರೆಸಬೇಡಿ

ಬಾಡಿಗೆ ಮನೆಗಳಿರುವ ಕಟ್ಟಡದಲ್ಲಿ ಬಹುಮಂದಿ ತಪ್ಪುವುದು ಇಲ್ಲಿ. ಕೆಳಗಿನ ಮನೆಗೆ ಒಂದು ಮೀಟರ್, ಮೇಲಿನ ಮನೆಗೆ ಇನ್ನೊಂದು. ಮೋಟರ್ ಕೆಳಗಿನ ಮೀಟರಿನಲ್ಲಿ. ಮೇಲಿನ ಬಚ್ಚಲಿಗೆ 230 ವೋಲ್ಟಿನ ಗುಂಡಿ ಕೊಟ್ಟರೆ, ಮೇಲಿನವರು ತಮ್ಮ ಮೇನ್ ಆಫ್ ಮಾಡಿದರೂ ಆ ಗುಂಡಿಯಲ್ಲಿ ಕೆಳಮನೆಯ ಕರೆಂಟ್ ಜೀವಂತವಾಗಿರುತ್ತದೆ. ರಿಪೇರಿಗೆ ಬಂದ ಎಲೆಕ್ಟ್ರೀಷಿಯನ್ ಅದನ್ನು ನಂಬಿ ಮುಟ್ಟಿದರೆ ಪ್ರಾಣಕ್ಕೇ ಸಂಚಕಾರ. ಒಂದು ಮೀಟರಿನ ಫೇಸ್, ಇನ್ನೊಂದರ ನ್ಯೂಟ್ರಲ್ ಸೇರಿಸಿದರಂತೂ ಆರ್‌ಸಿಸಿಬಿ ಆನ್ ಆಗಿ ನಿಲ್ಲುವುದೇ ಇಲ್ಲ, ಪದೇ ಪದೇ ಟ್ರಿಪ್ ಆಗುತ್ತದೆ. ಬೇಸತ್ತು ಅದನ್ನೇ ಕಿತ್ತುಹಾಕುವವರೂ ಉಂಟು. 24 ವೋಲ್ಟಿನ ಗುಂಡಿ ಇದ್ದರೆ ಈ ತೊಡಕೇ ಇಲ್ಲ.

ಜೊತೆಗೆ ಮಾತು ಮೊದಲೇ ಆಗಿಬಿಡಲಿ: ಮೋಟರಿನ ಕರೆಂಟ್ ಬಿಲ್ಲನ್ನು ಹೇಗೆ ಹಂಚಿಕೊಳ್ಳುವುದು, ನೀರು ಬಿಡುವ ದಿನ ಯಾರು ಹಾಕುವುದು, ಸಂಪು ಅರ್ಧಕ್ಕಿಳಿದರೆ ಎಷ್ಟು ಹೊತ್ತು ಓಡಿಸುವುದು. ಕೆಂಪು ಗುಂಡಿ ಮಾತ್ರ ಎಲ್ಲ ಮನೆಯವರ ಕೈಗೂ ಸಿಗಲಿ. ನೀರು ಉಕ್ಕುವುದನ್ನು ಕಂಡವರು ಯಾರೇ ಆಗಲಿ, ನಿಲ್ಲಿಸುವ ಹಕ್ಕು ಅವರಿಗಿರಬೇಕು.

10. ಶವರಿನ ಪಂಪಿಗೆ ಬೇರೆ ನಿಯಮ

ಹತ್ತು ಮೀಟರ್ ಎತ್ತರದ ನೀರು ಕೊಡುವುದು ಸುಮಾರು ಒಂದು ಬಾರ್ ಒತ್ತಡ. ತಾರಸಿಯ ಟ್ಯಾಂಕ್ ನಿಮ್ಮ ಶವರಿಗಿಂತ ಮೂರು ಮೀಟರ್ ಮೇಲಿದ್ದರೆ ಸಿಗುವುದು 0.3 ಬಾರ್ ಅಷ್ಟೇ. ಕೊನೆಯ ಮಹಡಿಯವರ ಶವರ್ ಸೊರಗುವುದು ಇದಕ್ಕೇ. ಅದಕ್ಕೆಂದು ಹಾಕುವ ಪ್ರೆಷರ್ ಪಂಪ್ ನಲ್ಲಿ ತೆರೆದಾಗ ತಾನೇ ಶುರುವಾಗಿ, ಮುಚ್ಚಿದಾಗ ತಾನೇ ನಿಲ್ಲುತ್ತದೆ. ಇಲ್ಲಿ ಬಚ್ಚಲ ಬಾಗಿಲ ಸ್ವಿಚ್ಚಿನ ಕೆಲಸ ಪಂಪನ್ನು ಸಜ್ಜಾಗಿಡುವುದು ಮತ್ತು ಬೇಡದಾಗ ಪೂರ್ತಿ ಬಂದ್ ಮಾಡುವುದು. ಸೋರುವ ಒಂದು ಫ್ಲಶ್ ಇದ್ದರೂ ಈ ಪಂಪ್ ರಾತ್ರಿಯಿಡೀ ಕ್ಷಣಕ್ಕೊಮ್ಮೆ ಗುರುಗುಟ್ಟುತ್ತದೆ. ಸ್ವಿಚ್ ಆಫ್ ಮಾಡಿ ಮಲಗಿ, ಬೆಳಿಗ್ಗೆ ಫ್ಲಶ್ ಸರಿಮಾಡಿಸಿ.

ಯಾವ ಪಂಪನ್ನೂ ಜಲಮಂಡಳಿಯ ಲೈನಿಗೆ ನೇರವಾಗಿ ಕೂರಿಸಬೇಡಿ. ಅದಕ್ಕೆ ನಿಷೇಧವಿದೆ. ನೀವು ಎಳೆದಷ್ಟು ನೀರು ಬೀದಿಯ ಕೊನೆಯ ಮನೆಯವರ ನಲ್ಲಿಯಿಂದ ಕಡಿಮೆಯಾಗುತ್ತದೆ. ಪೈಪಿನಲ್ಲಿ ಸೀಳಿದ್ದರೆ ಚರಂಡಿಯ ಕೊಳೆಯನ್ನೂ ಆ ಸೆಳೆತ ಒಳಗೆಳೆಯುತ್ತದೆ.

11. ಗಾಡಿಯ ಬಚ್ಚಲಿಗೆ 12 ವೋಲ್ಟಿನ ಸೂತ್ರ

ಟೆಂಪೊ ಟ್ರಾವಲರ್‌ನಂಥ ಗಾಡಿಯನ್ನು ಕ್ಯಾರವಾನ್ ಮಾಡಿಸಿಕೊಂಡು ಕರಾವಳಿಗೋ ಮಲೆನಾಡಿಗೋ ಹೊರಡುವ ಸಂಸಾರಗಳಿಗೂ ಇದೇ ತೊಂದರೆ. ಪಂಪಿನ ಸ್ವಿಚ್ ಮುಂದೆ ಅಡುಗೆ ಕಟ್ಟೆಯ ಬಳಿ, ಬಚ್ಚಲು ಹಿಂದೆ. ಅಲ್ಲಿರುವುದು 12 ವೋಲ್ಟಿನ ಡಯಾಫ್ರಾಮ್ ಪಂಪ್, ಒತ್ತಡ ಕುಸಿದರೆ ತಾನೇ ಓಡುವಂಥದ್ದು. ಎರಡು ಟೂ-ವೇ ಸ್ವಿಚ್ ಹಾಕಿದರೆ ಎರಡು ಕಡೆಯಿಂದಲೂ ಆನ್-ಆಫ್ ಸಾಧ್ಯ. ಮೂರು ಎಚ್ಚರಿಕೆ ಸಾಕು. ಸ್ವಿಚ್ ಮೇಲೆ ಡಿಸಿ ಆಂಪಿಯರ್ ಬರೆದಿರಲಿ. ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟುವುದರಿಂದ ಕಿಡಿ ತಾನೇ ಆರುತ್ತದೆ, ಡಿಸಿಯಲ್ಲಿ ಹಾಗಾಗದೆ ತುದಿಗಳು ಸುಡುತ್ತವೆ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. 12 ವೋಲ್ಟ್ ಶಾಕ್ ಹೊಡೆಯದಿದ್ದರೂ ಶಾರ್ಟ್ ಆದರೆ ಬೆಂಕಿ ಹೊತ್ತಿಸಬಲ್ಲದು. ಬಚ್ಚಲ ಸ್ವಿಚ್ಚಿಗೂ ಒಂದು ದೀಪ ಇರಲಿ. ಗಾಡಿ ಹೊರಡುವ ಮುನ್ನ ಪಂಪ್ ಆಫ್ ಆಗಿದೆಯೆಂದು ಅದನ್ನು ನೋಡಿ ಖಾತ್ರಿ ಮಾಡಿಕೊಳ್ಳಿ. ಎಲ್ಲೋ ಒಂದು ಕೀಲು ಸಡಿಲಗೊಂಡರೆ ಇಡೀ ಟ್ಯಾಂಕಿನ ನೀರು ಗಾಡಿಯೊಳಗೆ ಬೀಳುತ್ತದೆ.

12. ಕೆಲಸ ಬಲ್ಲವರಿಂದ ಮಾಡಿಸಿ, ಪರೀಕ್ಷಿಸಿ, ಬರೆದಿಡಿ

ಬೆಂಗಳೂರಿನ ಪೂರ್ವ ದಿಕ್ಕಿಗೆ ಮೋಟರ್ ಕೆಲಸ ಹೊಸದಲ್ಲ. ಹಳೇ ಮದ್ರಾಸು ರಸ್ತೆಯ ಬೈಯಪ್ಪನಹಳ್ಳಿಯಲ್ಲಿ ಜರ್ಮನಿಯ ಎಇಜಿ ಸಹಯೋಗದೊಂದಿಗೆ ನಡೆದ ಎನ್‌ಜಿಇಎಫ್ ಕಾರ್ಖಾನೆ ಮೋಟರು, ಟ್ರಾನ್ಸ್‌ಫಾರ್ಮರು, ಸ್ವಿಚ್‌ಗೇರುಗಳನ್ನೇ ಮಾಡುತ್ತಿತ್ತು. ಕಾರ್ಖಾನೆ ಮುಚ್ಚಿದರೂ ಕಾಂಟ್ಯಾಕ್ಟರ್, ಸ್ಟಾರ್ಟರ್ ಬಲ್ಲ ಕೈಗಳು ಈ ಭಾಗದಲ್ಲಿ ಸಿಗುತ್ತವೆ. ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್ನರನ್ನೇ ಕರೆಯಿರಿ. ಮೋಟರ್ ಲೈನಿಗೆ 2.5 ಚದರ ಮಿ.ಮೀ. ತಾಮ್ರದ ವಯರ್, ಐಎಸ್‌ಐ ಗುರುತಿನದು, ಇರಲೆಂದು ಹೇಳಿ. ಉದ್ದ ಹೆಚ್ಚಿದ್ದರೆ ಇನ್ನೂ ದಪ್ಪ. ಮಳೆ ತಾಗುವ ಕಡೆ ಐಪಿ 55 ಪೆಟ್ಟಿಗೆ. ವೈಫೈ ಸ್ವಿಚ್ ಬೇಕೆನಿಸಿದರೆ ಹಾಕಿಸಿ, ಆದರೆ ಅದು ಕಾಂಟ್ಯಾಕ್ಟರಿನ ಸುರುಳಿಯನ್ನು ಮಾತ್ರ ಆಳಲಿ. ಇಂಟರ್‌ನೆಟ್ ಇಲ್ಲದ ದಿನವೂ ಗೋಡೆಯ ಗುಂಡಿ ಕೆಲಸ ಮಾಡಲಿ.

ಕೆಲಸ ಮುಗಿದ ಮೇಲೆ ದುಡ್ಡು ಕೊಡುವ ಮುನ್ನ ಐದು ಪರೀಕ್ಷೆ ಮಾಡಿಸಿ. ಪ್ರತಿ ಹಸಿರು ಗುಂಡಿ ಒತ್ತಿ, ಪ್ರತಿ ಕೆಂಪು ಗುಂಡಿಯಿಂದ ನಿಲ್ಲಿಸಿ. ಟ್ಯಾಂಕಿನ ಫ್ಲೋಟನ್ನು ಕೈಯಿಂದ ಎತ್ತಿ ನೋಡಿ. ಸಂಪಿನ ಫ್ಲೋಟನ್ನು ಇಳಿಬಿಟ್ಟು ನೋಡಿ. ಮೇನ್ ಆಫ್ ಮಾಡಿ ಆನ್ ಮಾಡಿ. ಮೋಟರ್ ತಾನಾಗಿ ಶುರುವಾಗಬಾರದು. ಕೊನೆಗೆ ಆರ್‌ಸಿಸಿಬಿ ಟೆಸ್ಟ್ ಗುಂಡಿ ಒತ್ತಿ.

ಆಮೇಲೆ ಒಂದು ಕಾಗದದ ಮೇಲೆ ಯಾವ ಬಣ್ಣದ ವಯರ್ ಎಲ್ಲಿಂದ ಎಲ್ಲಿಗೆ ಎಂದು ಚಿತ್ರ ಬರೆಸಿ, ಕಾಂಟ್ಯಾಕ್ಟರಿನ ಆಂಪಿಯರ್, ಸುರುಳಿಯ ವೋಲ್ಟ್, ಕೆಲಸ ಮಾಡಿದ ತಾರೀಕು ಸೇರಿಸಿ, ಬೋರ್ಡಿನ ಬಾಗಿಲ ಒಳಮೈಗೆ ಅಂಟಿಸಿ. ಹತ್ತು ವರ್ಷದ ಮೇಲೆ ಬರುವ ಎಲೆಕ್ಟ್ರೀಷಿಯನ್ನರೂ ಅದನ್ನು ನೋಡಿ ಧೈರ್ಯವಾಗಿ ಕೈಹಾಕಬಹುದು. ಈ ವಾರವೇ ಮೊದಲ ಸೂತ್ರದ ಹಾಳೆ ತೆಗೆದುಕೊಳ್ಳಿ, ಮೋಟರಿನ ಫಲಕ ಓದಿ, ಎಲೆಕ್ಟ್ರೀಷಿಯನ್ನರಿಗೆ ಫೋನ್ ಮಾಡಿ. ಒಂದು ದಿನದ ಕೆಲಸಕ್ಕೆ ಮನೆಯ ಹಿರಿಯರಿಗೆ ಒದ್ದೆ ಮೆಟ್ಟಿಲು ಇಳಿಯುವ ಪಾಡು ತಪ್ಪುತ್ತದೆ, ಅಷ್ಟು ದೂರದಿಂದ ಬಂದ ನೀರು ಚರಂಡಿ ಸೇರುವುದೂ ತಪ್ಪುತ್ತದೆ.